ಮಂಜು ಬೆಟ್ಟದ ಪೇಂಟಿಂಗ್ ಬಿಟ್ಟು ಬೇರೆ ಥರ ಬಿಡಿಸ್ತಿದೀನಿ, ಎಲ್ರೂ "ಹಳೇದೇ ಚೆನ್ನಾಗಿತ್ತು" ಅಂತಾರೆ. ಧೈರ್ಯ ಎಲ್ಲಿಂದ ತರೋದು?

ಗಿರಿಬಣ್ಣ (ಚಿಕ್ಕಮಗಳೂರು)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ ಹೇಳಿ.

ನಾನು ಚಿಕ್ಕಮಗಳೂರಿನವಳು, ವಾಟರ್ ಕಲರ್ ಮಾಡ್ತೀನಿ. ನಮ್ಮ ಕಡೆ ಹೋಂಸ್ಟೇಗಳಿಗೆ ಬಂದವರು ಯಾರಾದ್ರೂ ಇದ್ರೆ ನನ್ನ ಪೇಂಟಿಂಗ್ ಗೋಡೆ ಮೇಲೆ ನೋಡಿರ್ತೀರಿ. ಮುಳ್ಳಯ್ಯನಗಿರಿ ಮೇಲಿನ ಮಂಜು, ಹಿರೇಕೊಳಲೆ ಕೆರೆ, ಹೂಮಳೆ ಬಿದ್ದ ಮೇಲೆ ಬೆಳ್ಳಗೆ ಅರಳಿದ ಕಾಫಿ ಗಿಡ, ಸಿಲ್ವರ್ ಓಕ್ ಸಾಲು, ಎಲ್ಲಾ ತೆಳು ನೀಲಿ, ತೆಳು ಬೂದು. ಪೇಪರ್ ಪೂರ್ತಿ ಒದ್ದೆ ಮಾಡ್ಕೊಂಡು ಬಣ್ಣ ಬಿಟ್ರೆ ಅದು ತಾನೇ ಹರಡ್ಕೊಂಡು ಮಂಜಾಗುತ್ತೆ, ಎಲ್ಲಿ ತಡೀಬೇಕು ಎಲ್ಲಿ ಬಿಡ್ಬೇಕು ಅನ್ನೋದು ಕೈಗೆ ಬಂದುಬಿಟ್ಟಿದೆ. ಮನೆ ಬಾಡಿಗೆ ಕಟ್ಟಿದ್ದು ಅದರಿಂದಾನೇ, ಇನ್‌ಸ್ಟಾಗ್ರಾಮಲ್ಲಿ ಜನ ಬಂದಿದ್ದೂ ಅದಕ್ಕೇ. ಆ ಕೆಲಸದ ಬಗ್ಗೆ ನಂಗೆ ಒಂಚೂರೂ ಬೇಜಾರಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಹೋದ ಕಾಫಿ ಕುಯ್ಲಲ್ಲಿ ಆಲ್ದೂರು ಕಡೆ ಚಿಕ್ಕಪ್ಪನ ತೋಟದಲ್ಲಿ ಸ್ವಲ್ಪ ದಿನ ಇದ್ದೆ. ಸಂಜೆ ತೂಕದ ಹೊತ್ತಿಗೆ ಕಣದ ಹತ್ರ ಹೋಗಿ ಕೂತ್ಕೊಳ್ತಿದ್ದೆ. ಹಣ್ಣು ಕುಯ್ದ ಕೈ ಹೆಂಗಿರುತ್ತೆ ಅಂತ ತೋಟದ ಕಡೆಯವರಿಗೆ ಗೊತ್ತು, ಅಂಟು ಒಣಗಿ ಧೂಳು ಸೇರಿ ಬೆರಳ ಸಂದಿ ಉಗುರ ಸಂದಿ ಎಲ್ಲಾ ಕಪ್ಪು, ಸೋಪು ಹಾಕಿದ್ರೂ ಪೂರ್ತಿ ಹೋಗಲ್ಲ. ಚೀಲ ಕೊಕ್ಕೆಗೆ ಸಿಕ್ಕಿಸ್ತಾರೆ, ತೋಟದ ಲೆಕ್ಕ ಬರೆಯೋ ರೈಟರ್ ಕೆ.ಜಿ ಕೂಗ್ತಾರೆ, ಪುಸ್ತಕದಲ್ಲಿ ಬರ್ಕೊಳ್ತಾರೆ. ಒಬ್ರು ವಯಸ್ಸಾದ ಹೆಂಗಸು, ತಕ್ಕಡಿ ಮುಳ್ಳು ಅಲ್ಲಾಡೋದು ಪೂರ್ತಿ ನಿಲ್ಲೋ ತನಕ ಅದರ ಮೇಲಿಂದ ಕಣ್ಣು ತೆಗೀತಿರ್ಲಿಲ್ಲ, ಕೈ ಮಾತ್ರ ಸೆರಗಲ್ಲಿ ಒರೆಸ್ಕೊಳ್ತಾನೇ ಇರ್ತಿದ್ರು. ಆ ಕೈ, ಆ ಕಣ್ಣು ನನ್ನ ತಲೇಲಿ ಕೂತ್ಬಿಡ್ತು.

ಬಂದು ವಾಟರ್ ಕಲರಲ್ಲಿ ಬಿಡಿಸಿದೆ. ಚೆಂದ ಬಂತು, ಅದೇ ತೊಂದರೆ ಆಗಿದ್ದು. ಎಷ್ಟು ಬಿಡಿಸಿದ್ರೂ ಅವರೂ ಮಂಜೊಳಗೆ ಕರಗಿಹೋದ ಹಾಗೆ ಬರ್ತಿತ್ತು, ಯಾವುದೋ ಕ್ಯಾಲೆಂಡರಿನ ಹಳ್ಳಿ ಹೆಂಗಸಿನ ಥರ. ಕೊನೆಗೆ ಬಣ್ಣ ಪಕ್ಕಕ್ಕಿಟ್ಟು ಚಾರ್ಕೋಲ್, ಇಂಡಿಯನ್ ಇಂಕ್ ತಗೊಂಡೆ. ದಪ್ಪ ಕಪ್ಪು, ಒರಟು ಗೆರೆ, ಪೇಪರ್ ಮುಕ್ಕಾಲು ಪಾಲು ಕತ್ತಲೆ. ಅವತ್ತಿಂದ ಅದೇ ಮಾಡ್ತಿದೀನಿ. ಕೈಗಳು, ಕೆಲಸದವರು ಇರೋ ಲೈನ್ ಮನೆ ಒಳಗಿನ ಒಲೆ, ಚೀಲ ಹೊತ್ತ ಬೆನ್ನು.

ಪೇಜಲ್ಲಿ ಹಾಕೋಕೆ ಶುರು ಮಾಡಿದ ಮೇಲೆ ಬರ್ತಿರೋ ಮಾತು ನೋಡಿ: "ಯಾಕಕ್ಕಾ ಇಷ್ಟು ಡಾರ್ಕು, ಮನೇಲಿ ಎಲ್ಲಾ ಆರಾಮಾ?", "ನಿಮ್ಮ ಮಂಜು ನೋಡೋಕೆ ಅಂತ ಫಾಲೋ ಮಾಡಿದ್ದು", "ಹಳೇ ಸ್ಟೈಲ್ ಯಾಕೆ ಹಾಳು ಮಾಡ್ಕೊಂಡ್ರಿ". ಸುಮಾರು ಜನ ಬಿಟ್ಟೂ ಹೋದ್ರು. ಖಾಯಂ ಗಿರಾಕಿ ಒಬ್ರು, ಈ ಸಲ ರೂಮಿಗೆ ಹೇಳಿದ್ದ ಆರ್ಡರ್ ಸದ್ಯಕ್ಕೆ ಬೇಡ ಅಂದ್ರು. ಅಮ್ಮ ಏನೂ ಅನ್ನಲ್ಲ, ಆದ್ರೆ ಹಳೇ ಪೇಂಟಿಂಗ್ ಒಂದನ್ನ ಒಳಗಿಂದ ತಂದು ಹಾಲಲ್ಲಿ ನೇತುಹಾಕಿದಾರೆ.

ನನ್ನ ಪ್ರಶ್ನೆ ಇಷ್ಟೇ. ಇದನ್ನ ಮುಂದುವರಿಸೋ ಧೈರ್ಯ ಹೆಂಗೆ ತಂದ್ಕೊಳ್ಳೋದು? ಬೇರೆ ಪೇಜ್ ಮಾಡಿ ಇದನ್ನ ಅಲ್ಲಿ ಹಾಕ್ಲಾ? ಎರಡೂ ಒಟ್ಟಿಗೆ ನಡೆಸ್ಲಾ? ಇನ್ನೊಂದು, ಜನ ಹೇಳೋದ್ರಲ್ಲಿ ನಿಜ ಇದ್ದು ನನ್ನ ಕಣ್ಣಿಗೆ ಮಾತ್ರ ಕಾಣ್ತಿಲ್ಲ ಅಂತಾದ್ರೆ ಅದು ನಂಗೆ ಗೊತ್ತಾಗೋದು ಹೆಂಗೆ?

---

ಹಾಸನದ ಬ್ರಷ್

ಅಮ್ಮಾ, ನಾನು ಹಾಸನದೋನು, ಮೊದಲು ಬೋರ್ಡ್ ಬರೀತಿದ್ದೆ, ಈಗ ಮಕ್ಕಳಿಗೆ ಡ್ರಾಯಿಂಗ್ ಹೇಳ್ಕೊಡ್ತೀನಿ. ನಿನ್ನ ವಯಸ್ಸಿನ ಮಗಳಿದಾಳೆ ನಂಗೆ, ಅದಕ್ಕೆ ನೀನು ಅಂತೀನಿ, ತಪ್ಪು ತಿಳ್ಕೋಬೇಡ.

ಮೊದಲು "ಹಳೇದೇ ಚೆನ್ನಾಗಿತ್ತು" ಅನ್ನೋ ಮಾತು ತಗೋ. ಅದು ಸುಳ್ಳಲ್ಲ ಕಣಮ್ಮ, ನಿಜಾನೇ ಹೇಳ್ತಿದಾರೆ. ನಿನ್ನ ಮಂಜು ಎಷ್ಟೋ ವರ್ಷ ಮಾಗಿ ಬಂದಿರೋದು, ಚಾರ್ಕೋಲ್ ಹಿಡಿದು ಇನ್ನೂ ವರ್ಷ ಆಗಿಲ್ಲ. ಅವರು ನಿನ್ನ ಮಾಗಿದ ಕೆಲಸಾನೂ ಎಳೇ ಕೆಲಸಾನೂ ಅಕ್ಕಪಕ್ಕ ಇಟ್ಟು ನೋಡ್ತಿದಾರೆ. ನೀನು ಹಂಗೆ ನೋಡೋಕೆ ಹೋಗ್ಬೇಡ. ನಿನ್ನ ಹಳೇ ಫೈಲ್ ತೆಗೆದು ಮೊಟ್ಟಮೊದಲು ಮಾಡಿದ ಮಂಜಿನ ಪೇಂಟಿಂಗ್ ಇದ್ರೆ ಹೊರಗೆ ತಗೊಂಡು ಅದರ ಪಕ್ಕ ಈಗಿನ ಚಾರ್ಕೋಲ್ ಇಡು. ಅದು ನ್ಯಾಯವಾದ ಹೋಲಿಕೆ. ಹಂಗೆ ನೋಡಿದಾಗ ಇದು ಮೇಲಿದ್ರೆ ಸುಮ್ನೆ ಮುಂದಕ್ಕೆ ಹೋಗು.

ಇನ್ನೊಂದು, ನೀನೇ ಬರೆದಿದ್ದೀಯ, ವಾಟರ್ ಕಲರಲ್ಲಿ ಆ ಹೆಂಗಸು ಮಂಜೊಳಗೆ ಕರಗಿಹೋದ್ರು ಅಂತ. ಅಲ್ಲೇ ಇದೆ ನಿನ್ನ ಉತ್ತರ. ಸ್ಟೈಲ್ ಚೇಂಜ್ ಮಾಡ್ಬೇಕು ಅಂತ ಹೊರಟಿದ್ದಲ್ಲ ನೀನು, ಹೇಳ್ಬೇಕಾಗಿದ್ದು ಆ ಸ್ಟೈಲಲ್ಲಿ ಹಿಡೀಲಿಲ್ಲ. ನೋಡು, ಬಾದಾಮಿ ಐಹೊಳೆಯವರು ಮರಳುಗಲ್ಲಲ್ಲಿ ಕೆತ್ತಿದ್ರು, ನಮ್ಮ ಜಿಲ್ಲೆ ಬೇಲೂರಿಗೆ ಬರೋ ಹೊತ್ತಿಗೆ, 1117ರಲ್ಲಿ, ಬಳಪದ ಕಲ್ಲು. ಭೂಮಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ರೆ ಗಟ್ಟಿಯಾಗ್ತಾ ಹೋಗುತ್ತೆ. ಮದನಿಕೆ ಕೈಬಳೆ ಸಂದೀಲಿ ಬೆಳಕು ತೂರೋ ಹಂಗೆ ಕೆತ್ತಬೇಕು ಅಂದ್ರೆ ಆ ಕಲ್ಲೇ ಬೇಕು. ನಿಂಗೂ ಆ ಕಪ್ಪು ಕೈಗೆ ಚಾರ್ಕೋಲೇ ಬೇಕಾಯ್ತು.

ಈ "ಇವನ ಥರ ಇಲ್ಲ, ಅವನ ಥರ ಇಲ್ಲ" ಅನ್ನೋ ಮಾತು ಆಗ ಇದ್ದ ಹಾಗೆ ಕಾಣಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳೀಲಿ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ, 1246ರದ್ದು. ಬೈಚೋಜ, ಮಲ್ಲಿತಮ್ಮ ಅಂತ ಇಬ್ರು ಶಿಲ್ಪಿಗಳ ಹೆಸರಿದೆ ಅಲ್ಲಿ. ಮಕ್ಕಳನ್ನ ಸ್ಕೆಚ್ ಮಾಡ್ಸೋಕೆ ಕರ್ಕೊಂಡು ಹೋದಾಗೆಲ್ಲ ನಾನು ಗೋಡೆ ಸುತ್ತ ಒಂದು ಸುತ್ತು ಹಾಕಿ ನೋಡಿ ಅಂತೀನಿ. ಒಂದೇ ಗುಡಿ, ಒಂದೇ ಕಲ್ಲು, ಕೆತ್ತಿದ ಕೈ ಮಾತ್ರ ಬೇರೆ ಬೇರೆ ಅಂತ ಮಕ್ಕಳೇ ಬಂದು ಹೇಳ್ತವೆ. ಯಾರೂ ಒಬ್ಬನ ಥರ ಇನ್ನೊಬ್ಬ ಮಾಡ್ಲಿ ಅಂತ ತಿದ್ದೋಕೆ ಹೋಗಿಲ್ಲ. ಅದೇ ಮಲ್ಲಿತಮ್ಮನ ಹೆಸರು ನಿಮ್ಮ ಜಿಲ್ಲೆ ಅಮೃತಾಪುರದಲ್ಲೂ ಬರುತ್ತೆ, ಸೋಮನಾಥಪುರದಲ್ಲೂ ಇದೆ.

ನನ್ನ ಕತೆ ಬೇರೆ. ಫ್ಲೆಕ್ಸ್ ಬಂದಾಗ ಇನಾಮಲ್ ಪೇಂಟಲ್ಲಿ ಅಕ್ಷರ ಬರೆಯೋರಿಗೆ ಕೆಲಸಾನೇ ಇಲ್ಲದಂಗಾಯ್ತು. ಅಕ್ಷರಕ್ಕೆ ನೆರಳು ಕೊಟ್ಟು ಎದ್ದು ಬರೋ ಹಂಗೆ ಮಾಡೋದು ಕಲಿಯೋಕೆ ಎಷ್ಟು ದಿನ ಏಣಿ ಮೇಲೆ ನಿಂತಿದ್ವಿ ಗೊತ್ತಾ. ನಾನು ಸ್ಕೂಲ್ ಗೋಡೆ ಮೇಲೆ ಚಿತ್ರ ಬಿಡಿಸೋಕೆ ಹೊರಟೆ. ಆದ್ರೆ ನಂಗೆ ಯಾರೂ ಬೈಲಿಲ್ಲ, ಪಾಪ ಹೊಟ್ಟೆಪಾಡು ಅಂದ್ರು. ಪರಿಸ್ಥಿತಿ ಬದಲಾಯಿಸಿದ್ರೆ ಜನ ಅಯ್ಯೋ ಅಂತಾರೆ, ನೀನೇ ಬದಲಾದ್ರೆ ಸೊಕ್ಕು ಅಂತಾರೆ. ನಿನ್ನದು ನನ್ನದಕ್ಕಿಂತ ಕಷ್ಟದ ಕೆಲಸ, ಅದು ನಂಗೆ ಗೊತ್ತಾಗುತ್ತೆ.

---

ಮೂಡಿಗೆರೆ ಓದುಗ

ಚಿಕ್ಕಮಗಳೂರು ಜಿಲ್ಲೆಯವರಾಗಿ ತೇಜಸ್ವಿಯವರ ಹೆಸರು ಇನ್ನೂ ಬಂದಿಲ್ಲವಲ್ಲ, ನಾನೇ ತರ್ತೀನಿ.

ಪೂರ್ಣಚಂದ್ರ ತೇಜಸ್ವಿ ಶುರುವಲ್ಲಿ ಬರೀತಿದ್ದಿದ್ದು ನವ್ಯ ಸಾಹಿತ್ಯ ಚಳವಳಿಯ ದಾರೀಲೇ. ಆ ಕಾಲಕ್ಕೆ ಬುದ್ಧಿವಂತ ಓದುಗರು, ವಿಮರ್ಶಕರು ಎಲ್ಲಾ ಇದ್ದಿದ್ದು ಆ ಕಡೆಗೇ. 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ತಂದಾಗ ಅದರ ಮುನ್ನುಡೀಲಿ ನವ್ಯದ ದಾರಿ ಸವೆದುಹೋಗಿದೆ, ನಾನು ಬೇರೆ ಕಡೆ ಹೊರಟೆ ಅನ್ನೋದನ್ನ ನೇರವಾಗಿ ಬರೆದ್ರು. ಸಮಾಜವಾದಿ ಚಿಂತಕ ಲೋಹಿಯಾ, ಕುವೆಂಪು, ಕಾರಂತ ಈ ಮೂವರಿಂದ ತನಗೆ ಏನು ಸಿಕ್ತು ಅಂತಲೂ ಹೇಳಿದ್ರು. ನಂಗೆ ಮುಖ್ಯ ಅನ್ಸೋದು ಇದು: ಮುನ್ನುಡಿ ಒಂದನ್ನೇ ಬರೆದು ಇನ್ಮೇಲೆ ಬದಲಾಗ್ತೀನಿ ಅಂತ ಘೋಷಣೆ ಕೂಗಲಿಲ್ಲ. ಮುನ್ನುಡಿ ಹಿಂದೆ ಹೊಸ ಥರದ ಕತೆಗಳು ಆಗಲೇ ಬರೆದು ರೆಡಿ ಇದ್ವು. ಕೆಲಸ ಮೊದಲು, ವಿವರಣೆ ಅದರ ಜೊತೆಗೆ. 1980ರಲ್ಲಿ 'ಕರ್ವಾಲೊ' ಬಂತು, ಆಮೇಲೆ ಹಕ್ಕಿ, ಕ್ಯಾಮೆರಾ, ವಿಜ್ಞಾನ, ಮೀನು ಹಿಡಿಯೋದು, ಕಂಪ್ಯೂಟರು, ಮನುಷ್ಯ ಎಲ್ಲಿಗೆ ಹೋದ್ರೆ ಬರವಣಿಗೇನೂ ಅಲ್ಲಿಗೆ ಹೋಯ್ತು. ನಮ್ಮೂರಲ್ಲಿ ಇವತ್ತು ಪಿಯುಸಿ ಹುಡುಗ್ರು ಕೈಗೆತ್ತಿಕೊಳ್ಳೋದು ಈ ಆಮೇಲಿನ ಪುಸ್ತಕಗಳನ್ನೇ. ಮೊದಲಿನ ಓದುಗರಲ್ಲಿ ಕೆಲವರು ಬಿಟ್ಟಿದ್ರೂ ಬಿಟ್ಟಿರಬಹುದು, ಬಂದವರು ಎಷ್ಟು ಜನ ನೋಡಿ.

ಆದ್ರೆ ಇನ್ನೊಂದು ಮಾತನ್ನೂ ಹೇಳಬೇಕು, ಇದನ್ನ ಬಿಟ್ಟು ಬರೀ ಧೈರ್ಯದ ಕತೆ ಹೇಳಿದ್ರೆ ನಿಮಗೆ ಮೋಸ ಮಾಡಿದ ಹಾಗಾಗುತ್ತೆ. ಅವರಿಗೆ ಕಾಫಿ ತೋಟ ಇತ್ತು. ಓದುಗರು ಕೈಬಿಟ್ರೆ ನಾಳೆ ಬೆಳಗ್ಗೆ ಒಲೆ ಹಚ್ಚೋದು ಹೆಂಗೆ ಅನ್ನೋ ಭಯ ಇರ್ಲಿಲ್ಲ. ನೀವು ಬಾಡಿಗೆ ಮನೇಲಿದೀರಿ. ನಿಮ್ಮ ಹೆದರಿಕೇಲಿ ಅರ್ಧ ಪಾಲು ಕಲೆಗೆ ಸಂಬಂಧಪಟ್ಟಿದ್ದಲ್ಲ, ತಿಂಗಳ ಕೊನೆಗೆ ಸಂಬಂಧಪಟ್ಟಿದ್ದು ಅಂತ ನಂಗನ್ಸುತ್ತೆ. ಆ ಅರ್ಧವನ್ನ ಬೇರೆ ಮಾಡಿ, ಅದಕ್ಕೆ ಲೆಕ್ಕ ಹಾಕಿ, ಕ್ಲಾಸ್ ತಗೊಳ್ತೀರೋ, ಹಳೇ ಮಂಜಿನ ಪ್ರಿಂಟ್ ಮಾಡಿಸಿ ಮಾರ್ತೀರೋ, ಏನೋ ಒಂದು. ಉಳಿದ ಅರ್ಧ ಹೆದರಿಕೆ ಆಗ ಇಷ್ಟು ದೊಡ್ಡದಾಗಿ ಕಾಣಲ್ಲ.

ಮತ್ತೆ ಪೇಜಲ್ಲಿ ಚಿತ್ರದ ಕೆಳಗೆ ಬರೀ ಹ್ಯಾಶ್‌ಟ್ಯಾಗ್ ಹಾಕ್ತಿದ್ರೆ ಬಿಡಿ. ತೂಕದ ಹೊತ್ತು, ಆ ಮುಳ್ಳು, ಸೆರಗಲ್ಲಿ ಒರೆಸೋ ಕೈ, ಇಲ್ಲಿ ಬರೆದಿದ್ದನ್ನೇ ಅಲ್ಲೂ ಬರೀರಿ. ಇಲ್ಲಿ ಓದಿದ್ದಕ್ಕೇ ನಾನು ಆ ಚಿತ್ರ ನೋಡ್ಬೇಕು ಅಂತ ಕಾಯ್ತಿರೋದು.

---

ತೋಟದಮನೆ

ಮೇಡಂ, ನಾನೊಬ್ಬ ಹೋಂಸ್ಟೇ ನಡೆಸೋನು, ನಿಮ್ಮ ಆರ್ಡರ್ ಬೇಡ ಅಂದವನು ನಾನಲ್ಲ, ಆದ್ರೆ ಅವರ ಜಾಗದಲ್ಲಿ ನಾನಿದ್ರೂ ಬಹುಶಃ ಅದೇ ಹೇಳ್ತಿದ್ದೆ. ಇಲ್ಲಿ ಎಲ್ರೂ ಕಲಾವಿದರ ಕಡೆಯಿಂದಾನೇ ಮಾತಾಡ್ತಿದಾರೆ, ಕೊಳ್ಳೋರ ಕಡೆಯದೂ ಸ್ವಲ್ಪ ಕೇಳಿ.

ನಮ್ಮಲ್ಲಿಗೆ ಬರೋರು ವಾರವಿಡೀ ಬೆಂಗಳೂರಲ್ಲಿ ಟ್ರಾಫಿಕ್ಕಲ್ಲಿ ಕೂತು ಶನಿವಾರ ಭಾನುವಾರ ಉಸಿರು ಬಿಡೋಕೆ ಬರ್ತಾರೆ. ರೂಮಿನ ಗೋಡೆ ಮೇಲೆ ಏನಿರ್ಬೇಕು ಅಂತ ನಾನು ಅವರ ದೃಷ್ಟೀಲಿ ಯೋಚನೆ ಮಾಡ್ತೀನಿ. ಹಾಸಿಗೆ ಎದುರಿಗೆ ಕಪ್ಪು ಕೈಗಳ ಚಿತ್ರ ನಾನು ಹಾಕಲ್ಲ. ನಿಮ್ಮ ಕೆಲಸ ಕೆಟ್ಟದ್ದು ಅಂತ ಅದರರ್ಥ ಅಲ್ಲ, ನಂಗೆ ಬೇಕಾಗಿದ್ದು ಬೇರೆ ಅಂತ ಅಷ್ಟೇ. ಇವೆರಡೂ ಬೇರೆ ಬೇರೆ ಮಾತು ಅಂತ ನೀವು ಮನಸ್ಸಲ್ಲಿ ಇಟ್ಕೊಂಡ್ರೆ ನಿಮಗೆ ಎಷ್ಟೋ ಹಗುರ ಆಗುತ್ತೆ. ದಿನಾ ಬರೋ ಹೋಟ್ಲಲ್ಲಿ ಸಾಂಬಾರ್ ರುಚಿ ಬದಲಾದ್ರೆ ಗಿರಾಕಿ ಕೇಳೇ ಕೇಳ್ತಾನೆ, ಹೊಸ ಸಾಂಬಾರ್ ಚೆನ್ನಾಗಿದ್ರೂ ಕೇಳ್ತಾನೆ, ಅವನು ಬಂದಿದ್ದು ಆ ರುಚಿಗೆ.

ನನ್ನ ಸಲಹೆ: ಹಳೇ ಥರದ ಆರ್ಡರ್ ಪೂರ್ತಿ ಬಿಡ್ಬೇಡಿ, ವರ್ಷದಲ್ಲಿ ಇಂಥ ತಿಂಗಳು ಮಾತ್ರ ಮಾಡ್ತೀನಿ, ರೇಟ್ ಇಷ್ಟು, ಅಡ್ವಾನ್ಸ್ ಇಷ್ಟು ಅಂತ ಮುಂಚೆನೇ ಹೇಳಿ. ಮಿತಿ ಇದೆ ಅಂತ ಗೊತ್ತಾದ್ರೆ ನಾವು ಕಾದು ತಗೊಳ್ತೀವಿ, ರೇಟ್ ಸ್ವಲ್ಪ ಜಾಸ್ತಿ ಆದ್ರೂ ಕೊಡ್ತೀವಿ. ಉಳಿದ ತಿಂಗಳು ನಿಮ್ಮದು.

ಇನ್ನೊಂದು ಮಾತು ಮನಸ್ಸಿಗೆ ಬಂತು, ಹೇಳಿಬಿಡ್ತೀನಿ. ನಾನೂ ತೋಟದವನೇ. ನಿಮ್ಮ ವಿವರಣೆ ಓದುವಾಗ ನಂಗೆ ಒಂಥರಾ ಕಸಿವಿಸಿ ಆಯ್ತು, ನಮ್ಮ ಕಣದಲ್ಲೂ ಸಂಜೆ ಅದೇ ನಡೆಯುತ್ತೆ, ನಾನು ನಿಂತಿರೋದು ತಕ್ಕಡಿಯ ಈ ಕಡೆ. ಚಿತ್ರ ನೋಡಿದವರಲ್ಲಿ ಕೆಲವರು "ಡಾರ್ಕ್" ಅನ್ನೋದು ಬಣ್ಣಕ್ಕಲ್ಲದೇ ಇರಬಹುದು.

---

ಅರಸೀಕೆರೆ ಹುಡುಗ

ಅಕ್ಕ ನಾನು ಬೆಂಗಳೂರಲ್ಲಿ ಫೈನ್ ಆರ್ಟ್ಸ್ ಓದ್ತಿದೀನಿ, ನಿಮ್ಮ ಪೋಸ್ಟ್ ಓದಿದ ತಕ್ಷಣ ಫಿಲಿಪ್ ಗಸ್ಟನ್ ನೆನಪಾದ್ರು, ಅಮೆರಿಕದ ಪೇಂಟರ್. 1950ರ ದಶಕದಲ್ಲಿ ಅಬ್‌ಸ್ಟ್ರಾಕ್ಟ್ ಕೆಲಸಕ್ಕೆ ತುಂಬಾ ಹೆಸರು ಮಾಡಿದ್ರು, ಗುಲಾಬಿ ಬೂದು ಬಣ್ಣಗಳು ಮೆತ್ತಗೆ ಸೇರ್ಕೊಂಡಿರೋ ಚೆಂದದ ಪೇಂಟಿಂಗ್‌ಗಳು, ನಿಮ್ಮ ಮಂಜಿನ ಥರಾನೇ ಜನ ನೋಡ್ತಾ ನಿಂತುಬಿಡೋ ಕೆಲಸ. ಆಮೇಲೆ ಅರವತ್ತರ ದಶಕದಲ್ಲಿ ವಿಯೆಟ್ನಾಂ ಯುದ್ಧ, ಊರೂರಲ್ಲಿ ಗಲಭೆ, ಅದನ್ನೆಲ್ಲ ನೋಡಿ ಸಿಟ್ಟು ಮಾಡ್ಕೊಂಡು ಸ್ಟುಡಿಯೋಗೆ ಹೋಗಿ ಕೆಂಪಿನ ಪಕ್ಕ ನೀಲಿ ಸರಿಹೋಗ್ತಿದ್ಯಾ ಅಂತ ನೋಡ್ಕೊಂಡು ಕೂರೋಕೆ ಅವರಿಗೆ ಆಗ್ಲಿಲ್ಲ. 1970ರಲ್ಲಿ ನ್ಯೂಯಾರ್ಕಿನ ಮಾರ್ಲ್‌ಬರೋ ಗ್ಯಾಲರೀಲಿ ಹೊಸ ಶೋ ಮಾಡಿದ್ರು, ಕಾರ್ಟೂನ್ ಥರದ ದಪ್ಪ ದಪ್ಪ ಆಕೃತಿ, ಮುಸುಕು ಹಾಕಿದ ಕ್ಲಾನ್ ಜನ (ಕು ಕ್ಲಕ್ಸ್ ಕ್ಲಾನ್, ಅಲ್ಲಿನ ಬಿಳಿಯರ ಜನಾಂಗದ್ವೇಷಿ ಗುಂಪು) ಸಿಗರೇಟ್ ಸೇದ್ತಾ ಕಾರಲ್ಲಿ ಹೋಗೋದು, ಬೂಟುಗಳು, ಬಲ್ಬು. ನ್ಯೂಯಾರ್ಕ್ ಟೈಮ್ಸಲ್ಲಿ ಹಿಲ್ಟನ್ ಕ್ರೇಮರ್ ಅನ್ನೋ ವಿಮರ್ಶಕರು ಕಟುವಾಗಿ ಬರೆದ್ರು. ವಿಮರ್ಶಕರು ಬಿಡಿ, ಎಷ್ಟೋ ವರ್ಷದ ಸ್ನೇಹಿತರು, ಸಂಗೀತಗಾರ ಮಾರ್ಟನ್ ಫೆಲ್ಡ್‌ಮನ್ ಥರದವರೇ ದೂರ ಆದ್ರು. ಪೇಂಟರ್ ಡಿ ಕೂನಿಂಗ್ ಥರ ಮೆಚ್ಕೊಂಡವರು ಕಮ್ಮಿ.

ಗಸ್ಟನ್ ಏನು ಮಾಡಿದ್ರು ಅಂದ್ರೆ ಊರು ಬಿಟ್ಟು ರೋಮ್‌ಗೆ ಹೋಗಿ ಸ್ವಲ್ಪ ತಿಂಗಳು ಇದ್ರು, ಅಲ್ಲೂ ಬಿಡಿಸ್ತಾನೇ ಇದ್ರು, ವಾಪಸ್ ಬಂದು 1980ರಲ್ಲಿ ತೀರ್ಕೊಳ್ಳೋ ತನಕ ಅದೇ ದಾರೀಲಿ ಹೋದ್ರು. ನಮ್ಮ ಕಾಲೇಜಲ್ಲಿ ಇವತ್ತು ಅವರ ಬಗ್ಗೆ ಮಾತಾಡಿದ್ರೆ ಆ ಕೊನೇ ಹತ್ತು ವರ್ಷದ ಕೆಲಸದ ಬಗ್ಗೇನೇ ಮಾತು. ಮತ್ತೆ ಇನ್ನೊಂದು, ಅವರು 1930ರ ದಶಕದಲ್ಲಿ ಗೋಡೆ ಮೇಲೆ ಮನುಷ್ಯರನ್ನ ಬಿಡಿಸ್ತಿದ್ದವರು. ಹೊಸದು ಅಂತ ಜನ ಬೈದಿದ್ದು ಅರ್ಧ ಹಳೇದಕ್ಕೇ ವಾಪಸ್ ಹೋಗಿದ್ದು. ನೀವೂ ನೋಡ್ಕೊಳ್ಳಿ, ಮಂಜು ಶುರು ಮಾಡೋಕೂ ಮುಂಚೆ ನೀವು ಏನು ಬಿಡಿಸ್ತಿದ್ರಿ?

ಒಂದು ವಿಷಯದಲ್ಲಿ ಮೇಲಿನ ಸರ್ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ, ಹೋಂಸ್ಟೇ ಸರ್ ಹೇಳಿದ್ದು. ಎರಡೂ ಒಟ್ಟಿಗೆ ನಡೆಸಿದ್ರೆ ಕೈ ಸುಲಭದ ಕಡೆಗೇ ಓಡುತ್ತೆ ಅಕ್ಕ. ಆರ್ಡರ್ ದುಡ್ಡು ತಕ್ಷಣ ಬರುತ್ತೆ, ಲೈಕ್ ತಕ್ಷಣ ಬರುತ್ತೆ, ಚಾರ್ಕೋಲ್ ನಾಳೆ ಮಾಡೋಣ ಅನ್ಸುತ್ತೆ, ಆ ನಾಳೆ ಮುಂದಕ್ಕೆ ಹೋಗ್ತಾನೇ ಇರುತ್ತೆ. ಸ್ವಲ್ಪ ಕಾಲ ಆದ್ರೂ ಪೂರ್ತಿ ನಿಲ್ಲಿಸಿ ನೋಡಿ. ಒಂದೊಂದೇ ಪೋಸ್ಟ್ ಮಾಡೋದೂ ಬಿಡಿ, ಒಂದು ಕೈ ಚಿತ್ರ ಮಂಜಿನ ಮಧ್ಯೆ ಬಂದ್ರೆ ಮಾರ್ಕೆಟ್ಟಲ್ಲಿ ತಪ್ಪಿಸ್ಕೊಂಡ ಮಗು ಥರ ಕಾಣದೆ ಇನ್ನೇನು, ನೋಡೋರಿಗೆ ಏನಾಯ್ತು ಇವರಿಗೆ ಅನ್ಸೋದು ಸಹಜ. ಒಂದು ಸೀರೀಸ್ ಪೂರ್ತಿ ಮಾಡಿ ಒಟ್ಟಿಗೆ ತೋರಿಸಿ.

---

ಕೊಪ್ಪ ಸೀಮೆಯವರು

ನಿಮ್ಮ ಕೊನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಜನ ಹೇಳೋದೇ ನಿಜ ಆಗಿದ್ರೆ ಅಂತ ಕೇಳಿದ್ರಲ್ಲ. ನಂಗೆ ಅದೇ ಎಲ್ಲಕ್ಕಿಂತ ಒಳ್ಳೇ ಪ್ರಶ್ನೆ ಅನ್ಸಿದ್ದು.

ನಾನು ಯಕ್ಷಗಾನದ ಹುಚ್ಚಿನವನು. ಶಿವರಾಮ ಕಾರಂತರು ಯಕ್ಷಗಾನದಲ್ಲಿ ಮಾಡಿದ ಪ್ರಯೋಗ ನಿಮಗೆ ಗೊತ್ತಿರಬಹುದು. ಪಿಟೀಲು, ಸ್ಯಾಕ್ಸೋಫೋನ್ ತಂದ್ರು, ರಾತ್ರಿಯಿಡೀ ನಡೆಯೋದನ್ನ ಕಮ್ಮಿ ಹೊತ್ತಿಗೆ ಇಳಿಸಿದ್ರು, ಮಾತು ತೆಗೆದು ಬ್ಯಾಲೆ ಮಾಡಿದ್ರು. ಎಷ್ಟು ಬೈಗುಳ ತಿಂದ್ರೂ ಅವರು ಬಿಡ್ಲಿಲ್ಲ, ಆ ಹಟದಿಂದ ಯಕ್ಷಗಾನದ ಕುಣಿತ, ವೇಷ, ಬಣ್ಣ ಎಲ್ಲಾ ಎಲ್ಲೆಲ್ಲಿಯ ಜನರ ಕಣ್ಣಿಗೂ ಬಿತ್ತು. ಅದು ಅವರ ಗೆಲುವು, ನಾನು ಕೈಮುಗೀತೀನಿ. ಆದ್ರೆ ಮಾತು ಹೋಯ್ತಲ್ಲ ಅಂತ ಕೊರಗಿದ ಪ್ರೇಕ್ಷಕನೂ ದಡ್ಡ ಆಗಿರ್ಲಿಲ್ಲ. ಅರ್ಥಗಾರಿಕೆ ಕೇಳೋಕೇ ನಿದ್ದೆ ಬಿಟ್ಟು ಕೂರೋ ನನ್ನಂಥವನಿಗೆ ಅದು ನಿಜವಾದ ನಷ್ಟಾನೇ. ಮೇಳದ ಆಟಗಳಲ್ಲಿ, ತಾಳಮದ್ದಳೇಲಿ ಮಾತು ಇವತ್ತಿಗೂ ಉಳ್ಕೊಂಡಿದೆ ಅಂದ್ರೆ ಅದು ಬೇಕು ಅಂತ ಹಟ ಹಿಡಿದವರು ಇದ್ದಿದ್ದಕ್ಕೆ. ಹಾಗಾಗಿ ಬೈದವರೆಲ್ಲ ತಪ್ಪು ಅಂತ ಸಾರಾಸಗಟಾಗಿ ತಳ್ಳಿಹಾಕೋಕೆ ಆಗಲ್ಲ.

ನಿಮಗೆ ಬಂದ ಮಾತುಗಳನ್ನೇ ಸ್ವಲ್ಪ ಬಿಡಿಸಿ ನೋಡಿ. "ಮಂಜು ಬೇಕು" ಅನ್ನೋದು ಅವರ ಆಸೆ, ಅದರಿಂದ ನಿಮ್ಮ ಚಿತ್ರದ ಬಗ್ಗೆ ಏನೂ ಗೊತ್ತಾಗಲ್ಲ, ಬಿಟ್ಟುಬಿಡಿ. "ಬೆರಳು ಸರಿ ಕೂತಿಲ್ಲ", "ಎಲ್ಲಾ ಕಡೆ ಒಂದೇ ಕಪ್ಪಾಗಿ ಕಣ್ಣು ಎಲ್ಲೂ ನಿಲ್ತಿಲ್ಲ" ಅಂತ ಯಾರಾದ್ರೂ ಹೇಳಿದ್ರೆ ಅದು ಚಿತ್ರದ ಬಗ್ಗೆ, ಅವರು ಹಳೇದರ ಅಭಿಮಾನಿ ಆಗಿದ್ರೂ ಸರಿ, ಹಿಡ್ಕೊಂಡು ಕೇಳಿ. ಹೊಗಳಿಕೆಗೂ ಇದೇ ಲೆಕ್ಕ. "ಬೋಲ್ಡ್", "ಪವರ್‌ಫುಲ್" ಅಂತ ಸುಮ್ನೆ ಬರೆದು ಹೋಗಿದ್ರೆ ಅದರಿಂದಾನೂ ಏನೂ ಸಿಗಲ್ಲ.

ಇನ್ನೊಂದು ಕೇಳ್ಬೇಕು. ಆ ಹೆಂಗಸಿಗೆ ಚಿತ್ರ ತೋರಿಸಿದೀರಾ? ಅಲ್ಲಿ ಕುಯ್ಯೋಕೆ ಬರೋ ಬೇರೆಯವರಿಗೆ? ಇಲ್ಲಿಯ ತನಕ ನೀವು ಹೇಳಿದ ಪ್ರೇಕ್ಷಕರೆಲ್ಲ ಫೋನ್ ಇಟ್ಕೊಂಡಿರೋರು, ರೂಮ್ ಬಾಡಿಗೆಗೆ ಕೊಡೋರು. ಚಿತ್ರದಲ್ಲಿ ಇರೋರು ಏನಂತಾರೆ ಅಂತ ನೀವು ಬರೆದಿಲ್ಲ. ಅವರು ಒಪ್ಪದೇ ಇದ್ರೆ ನಾನಾಗಿದ್ರೆ ಪೇಜಿಂದ ತೆಗೀತಿದ್ದೆ, ಅವರು ಒಪ್ಪಿದ್ರೆ ಮಿಕ್ಕ ಯಾರ ಮಾತಿಗೂ ಇಷ್ಟು ತಲೆ ಕೆಡಿಸ್ಕೊಳ್ತಿರ್ಲಿಲ್ಲ.

---

ಗಿರಿಬಣ್ಣ (ಚಿಕ್ಕಮಗಳೂರು)

ಎಲ್ರಿಗೂ ತುಂಬಾ ಥ್ಯಾಂಕ್ಸ್. ಎರಡು ಮೂರು ಸಲ ಓದಿದೆ.

ಕೊಪ್ಪದ ಸರ್, ಆ ಹೆಂಗಸಿನ ಮುಖ ಒಂದು ಚಿತ್ರದಲ್ಲಿ ಮಾತ್ರ ಗುರುತು ಸಿಗುತ್ತೆ, ಅದನ್ನ ಪೇಜಲ್ಲಿ ಹಾಕಿಲ್ಲ, ನನ್ನ ಹತ್ರಾನೇ ಇದೆ. ಹಾಕಿರೋದೆಲ್ಲ ಬರೀ ಕೈ, ಬೆನ್ನು. ಆದ್ರೂ ನೀವು ಕೇಳಿದ್ದು ಸರಿ. ಕುಯ್ಲು ಮುಗಿದ ಮೇಲೆ ಅವರೆಲ್ಲ ಅವರವರ ಊರಿಗೆ ಹೋದ್ರು, ಆ ತೋಟಕ್ಕೆ ಅಸ್ಸಾಂ ಕಡೆಯಿಂದ ಬಂದವರೂ ಇದ್ರು, ಅವರ ಜೊತೆ ನಂಗೆ ಸರಿಯಾಗಿ ಮಾತಾಡೋಕೂ ಬರಲ್ಲ. ಅರೇಬಿಕಾ ಕುಯ್ಲು ಶುರುವಾದಾಗ ಎಲ್ಲಾ ಚಿತ್ರ ತಗೊಂಡು ಹೋಗ್ತೀನಿ. ಕಣದ ಪಕ್ಕ ಗೋಡೌನ್ ಗೋಡೆ ಇದೆ, ಚಿಕ್ಕಪ್ಪನ್ನ ಕೇಳಿ ಒಂದು ಸಂಜೆ ಅಲ್ಲೇ ಸಾಲಾಗಿ ಹಾಕ್ತೀನಿ. ಅವರು ನೋಡ್ಲಿ, ಏನಂತಾರೋ ಕೇಳ್ತೀನಿ, ಬೇಡ ಅಂದಿದ್ದನ್ನ ತೆಗೀತೀನಿ. ಅಲ್ಲಿಯ ತನಕ ಪೇಜಲ್ಲಿ ಹೊಸದು ಹಾಕಲ್ಲ, ಬಿಡಿಸೋದು ಮಾತ್ರ ನಿಲ್ಸಲ್ಲ. ಅರಸೀಕೆರೆ ತಮ್ಮ ಹೇಳಿದ ಹಾಗೆ ಅಷ್ಟೊತ್ತಿಗೆ ಸೀರೀಸ್ ಥರ ಆಗಿರುತ್ತೆ.

ಬೇರೆ ಪೇಜ್ ಮಾಡಲ್ಲ ಅಂತ ತೀರ್ಮಾನ ಮಾಡಿದೆ. ಎರಡೂ ಕೈ ನನ್ನದೇ, ಒಂದನ್ನ ಬಚ್ಚಿಟ್ಟ ಹಾಗಾಗೋದು ಬೇಡ.

ದುಡ್ಡಿನ ವಿಷಯಕ್ಕೆ ತೋಟದಮನೆ ಸರ್ ಹೇಳಿದ ದಾರಿ ಅರ್ಧ ತಗೊಳ್ತೀನಿ. ಹೂಮಳೆ ಟೈಮಲ್ಲಿ, ಮಾರ್ಚ್ ಏಪ್ರಿಲಲ್ಲಿ, ಮಂಜಿನ ಆರ್ಡರ್ ತಗೊಳ್ತೀನಿ, ಆಗ ನಂಗೂ ಬಣ್ಣ ಮುಟ್ಟಬೇಕು ಅನ್ಸುತ್ತೆ, ಅದು ಸುಳ್ಳಲ್ಲ. ಮಿಕ್ಕ ಟೈಮಲ್ಲಿ ಇಲ್ಲ. ಮಕ್ಕಳಿಗೆ ಶನಿವಾರ ಕ್ಲಾಸ್ ಶುರು ಮಾಡೋಕೆ ಜಾಗ ನೋಡ್ತಿದೀನಿ. ಮತ್ತೆ ಸರ್, ತಕ್ಕಡಿಯ ಈ ಕಡೆ ನಿಂತಿರ್ತೀನಿ ಅಂತ ಬರೆದ್ರಲ್ಲ, ಅದು ನಂಗೆ ತುಂಬಾ ತಟ್ತು. ನನ್ನ ಚಿಕ್ಕಪ್ಪನೂ ಅದೇ ಕಡೆ ನಿಂತಿರ್ತಾರೆ, ನಾನು ಕೂತ್ಕೊಂಡು ನೋಡಿದ್ದೂ ಆ ಕಡೆಯಿಂದಾನೇ. ಅದನ್ನೂ ಬಿಡಿಸ್ಬೇಕು, ಹೆಂಗೆ ಅಂತ ಇನ್ನೂ ಹೊಳೆದಿಲ್ಲ.

ಅರಸೀಕೆರೆ ತಮ್ಮ, ಮಂಜಿಗೂ ಮುಂಚೆ ನಾನು ಬಿಡಿಸ್ತಿದ್ದಿದ್ದು ಬಸ್ ಸ್ಟ್ಯಾಂಡಲ್ಲಿ ಕೂತು ಜನರ ಮುಖಾನೇ, ಬಾಲ್ ಪೆನ್ನಲ್ಲಿ. ನೀನು ಕೇಳೋ ತನಕ ಈ ಎರಡನ್ನೂ ಸೇರಿಸಿ ಯೋಚನೆ ಮಾಡಿರ್ಲಿಲ್ಲ.

ಬ್ರಷ್ ಸರ್, ಮೊದಲ ಮಂಜಿನ ಪೇಂಟಿಂಗ್ ಹುಡುಕಿ ಪಕ್ಕದಲ್ಲಿಟ್ಟು ನೋಡಿದೆ. ಚಾರ್ಕೋಲೇ ಮೇಲಿದೆ. ಒಂದು ಕಡೆ ಕಪ್ಪು ಜಾಸ್ತಿಯಾಗಿ ಮಣಿಕಟ್ಟು ಕಳೆದುಹೋಗಿದೆ, ಅದು ಬಿಟ್ರೆ. ಒಂದು ಸಹಾಯ ಬೇಕು, ಈ ಮಳೇಲಿ ಪೇಪರ್ ಎಲ್ಲಾ ಥಂಡಿ ಹಿಡಿದು ಎರಡು ಹಾಳೆ ಹಿಂದೆ ಬೂಷ್ಟು ಬಂದಿದೆ, ಚಾರ್ಕೋಲ್ ಮುಟ್ಟಿದ್ರೆ ಕೈಗೆ ಬರುತ್ತೆ. ಕುಯ್ಲಿನ ತನಕ ಹೆಂಗೆ ಕಾಪಾಡ್ಲಿ?

---

ಹಾಸನದ ಬ್ರಷ್

ಮೊದಲು ಬೂಷ್ಟು ಬಂದ ಎರಡು ಹಾಳೆ ಬೇರೆ ಇಡು, ಮಿಕ್ಕಿದ್ದರ ಜೊತೆ ಇಡ್ಬೇಡ, ಹರಡುತ್ತೆ. ಬಿಸಿಲು ಬಂದ ದಿನ ನೆರಳಲ್ಲಿ ಗಾಳಿಗೆ ಇಟ್ಟು ಪೂರ್ತಿ ಒಣಗಿದ ಮೇಲೆ ಮೆತ್ತನೇ ಒಣ ಬ್ರಷ್ಷಲ್ಲಿ ಹಿಂದುಗಡೆಯಿಂದ ಮಾತ್ರ ಒರೆಸು. ಮನೆ ಒಳಗೆ ಒರೆಸ್ಬೇಡ, ಜಗಲಿ ಮೇಲೆ ಮಾಡು, ಮೂಗಿಗೆ ಬಟ್ಟೆ ಕಟ್ಕೋ.

ಚಾರ್ಕೋಲಿಗೆ ಫಿಕ್ಸಟಿವ್, ಅಂದ್ರೆ ಪುಡಿ ಕೈಗೆ ಬರದ ಹಂಗೆ ಹಿಡಿಯೋ ಸ್ಪ್ರೇ, ಹೊಡೀಲೇಬೇಕು. ಮಳೆ ಬರ್ತಿರುವಾಗ ಹೊಡೀಬೇಡ, ಗಾಳೀಲಿ ತೇವ ಇದ್ರೆ ಸರಿಯಾಗಿ ಒಣಗಲ್ಲ, ಕಲೆ ಕೂರುತ್ತೆ. ಒಂದೇ ಸಲ ದಪ್ಪಗೆ ಹೊಡೆದ್ರೂ ಕಪ್ಪು ಇನ್ನೂ ಕಪ್ಪಾಗುತ್ತೆ, ಆ ಮಣಿಕಟ್ಟು ಪೂರ್ತಿ ಹೋಗಿಬಿಡುತ್ತೆ. ದೂರದಿಂದ ತೆಳ್ಳಗೆ, ಒಣಗೋಕೆ ಬಿಟ್ಟು ಮತ್ತೆ ತೆಳ್ಳಗೆ. ಮಣಿಕಟ್ಟಿನ ಹತ್ರ ಫಿಕ್ಸಟಿವ್ ಹೊಡೆಯೋಕೆ ಮುಂಚೆನೇ ನೀಡೆಡ್ ಇರೇಸರಿಂದ (ಹಿಟ್ಟಿನ ಥರ ನಾದೋಕೆ ಬರೋ ರಬ್ಬರ್) ಒತ್ತಿ ಒತ್ತಿ ಕಪ್ಪು ಎತ್ತು, ಉಜ್ಜಬೇಡ. ಅಲ್ಲಿ ಪೇಪರಿನ ಬಿಳಿ ಸ್ವಲ್ಪ ವಾಪಸ್ ಬಂದ್ರೆ ಕೈ ನಿಲ್ಲುತ್ತೆ.

ಇಡೋದು ಪ್ಲಾಸ್ಟಿಕ್ ಡಬ್ಬೀಲಿ, ಹಾಳೆಗಳ ಮಧ್ಯೆ ಬಟರ್ ಪೇಪರ್ ಹಾಕಿ, ಮೂಲೇಲಿ ಸಿಲಿಕಾ ಜೆಲ್ ಪೊಟ್ಟಣ. ಡಬ್ಬಿ ಹೊರಗೋಡೆಗೆ ತಾಗಿಸಿ ಇಡ್ಬೇಡ, ಮಲೆನಾಡಲ್ಲಿ ಮಳೆಗಾಲದ ಗೋಡೆ ನೀರು ಕುಡಿದಿರುತ್ತೆ. ವಾರಕ್ಕೊಂದ್ಸಲ ತೆಗೆದು ನೋಡ್ತಿರು.

ಗೋಡೌನ್ ಗೋಡೆ ಮೇಲೆ ಹಾಕೋವಾಗ ಗ್ಲಾಸ್ ಇಲ್ಲದೆ ಹಾಕ್ಬೇಡ, ಕಣದ ಧೂಳು ಕೂತುಬಿಡುತ್ತೆ. ಫ್ರೇಮಿಗೆ ದುಡ್ಡಿಲ್ಲ ಅಂದ್ರೆ ಮೌಂಟ್ ಬೋರ್ಡ್ ಮಧ್ಯೆ ಕಟ್ ಮಾಡಿ ಗ್ಲಾಸಿಗೂ ಚಿತ್ರಕ್ಕೂ ಜಾಗ ಬಿಟ್ಟು ಕ್ಲಿಪ್ ಹಾಕು, ಗ್ಲಾಸಿಗೆ ಚಾರ್ಕೋಲ್ ಅಂಟಬಾರದು. ಕಟ್ ಮಾಡೋದು ಕಷ್ಟ ಆದ್ರೆ ಅಳತೆ ಹೇಳು, ನಾನೇ ಮಾಡಿ ಹಾಸನದಿಂದ ಬಸ್ಸಿಗೆ ಹಾಕ್ತೀನಿ. ಕುಯ್ಲು ಯಾವಾಗ ಶುರು ಅಂತ ತಿಳಿಸು, ನನ್ನ ಹುಡುಗ್ರನ್ನೂ ಕರ್ಕೊಂಡು ಬರ್ತೀನಿ.